ಹಕ್ಕಿಕಲ್ಲಿನ ಮುಂದೆ ವರ್ಷತೊಡಕು

ಆ ಕಲ್ಲು ಎಲ್ಲಿದೆ ಎಂದು ನಾನು ಹೇಳುವುದಿಲ್ಲ. ಹೇಮಾವತಿಯ ಹಿನ್ನೀರಿನಲ್ಲಿದೆ, ಅಷ್ಟು ಸಾಕು. ಹಿನ್ನೀರು ಹಾಸನ, ಆಲೂರು, ಅರಕಲಗೂಡು ತಾಲ್ಲೂಕುಗಳ ಸಂದುಗೊಂದಿಗೆಲ್ಲ ಕೈಚಾಚಿ ಮಲಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಅದರಲ್ಲಿ ತಲೆ ಎತ್ತುವ ಕಲ್ಲುಗಳಿಗೆ ಲೆಕ್ಕವಿಲ್ಲ. ಹುಡುಕುವವರು ಹುಡುಕಿಕೊಳ್ಳಲಿ. ಒಮ್ಮೆ ಹೇಳಿ ಕೆಟ್ಟಿದ್ದೇನೆ. ಹಾಗೆ ಕೆಟ್ಟದ್ದನ್ನೇ ಇಲ್ಲಿ ಬರೆಯುತ್ತಿರುವುದು.

ನನ್ನ ಬಗ್ಗೆ ಎರಡು ಮಾತು ಮೊದಲೇ ಹೇಳಿಬಿಡಬೇಕು. ಹಕ್ಕಿ ನೋಡುವವನು ಎಂದರೆ ಜನ ಹಸಿರು ಟೋಪಿಯ, ಗಟ್ಟಿ ಮೊಣಕಾಲಿನ ಯಾರನ್ನೋ ಕಲ್ಪಿಸಿಕೊಳ್ಳುತ್ತಾರೆ. ನಾನು ಹೊಳೆನರಸೀಪುರದ ದೇವಸ್ಥಾನದ ಬೀದಿಯವನು. ತಂದೆ ಜೀವಮಾನವಿಡೀ ದೇವರ ಅಡಿಗೆಮನೆಯಲ್ಲಿ ಪುಳಿಯೋಗರೆ ಕಲಸಿದವರು. ನಾನು ಒಂದು ಕಚೇರಿಯಲ್ಲಿ ಗುಮಾಸ್ತ. ವಯಸ್ಸು ಐವತ್ತೆರಡು, ಬಿಪಿ ಮಾತ್ರೆ ಬೆಳಗ್ಗೆ ಒಂದು, ಗ್ಯಾಸ್ಟ್ರಿಕ್ ಮಾತ್ರೆ ಅದಕ್ಕೂ ಮುಂಚೆ ಒಂದು. ಮನೆಯಿಂದ ಹೊರಟವನು ಬೀದಿಯ ತಿರುವಿನಿಂದ ವಾಪಸು ಬಂದು ಗ್ಯಾಸ್ ಒಲೆ ಆರಿದೆಯೇ ಎಂದು ನೋಡುತ್ತೇನೆ. ನೋಡಿ ಹೊರಟ ಮೇಲೆ, ನೋಡುವಾಗ ಕೈತಗುಲಿ ತಿರುಗಿತೇನೋ ಎಂದು ಮತ್ತೆ ಬರುತ್ತೇನೆ. ಈಜು ಬರುವುದಿಲ್ಲ. ಊರ ಮಗ್ಗುಲಲ್ಲೇ ಹೊಳೆ ಹರಿಯುತ್ತಿದ್ದರೂ ಮೊಣಕಾಲಿನ ಮೇಲಕ್ಕೆ ನೀರು ಬರಗೊಟ್ಟವನಲ್ಲ.

ಇಂಥವನು ಹಿನ್ನೀರಿನ ನಡುವೆ ತೆಪ್ಪದಲ್ಲಿ ಕೂತು ಹಕ್ಕಿ ನೋಡುವಂತಾದದ್ದು ಚುನಾವಣೆ ಡ್ಯೂಟಿಯಿಂದ. ಹಿನ್ನೀರಿನ ಅಂಚಿನ ಒಂದು ಊರಿನ ಶಾಲೆಗೆ ನನ್ನನ್ನು ಹಾಕಿದ್ದರು. ಮತದಾನದ ಹಿಂದಿನ ದಿನ ಸಂಜೆ, ಉಳಿದವರೆಲ್ಲ ಬೆಂಚು ಜೋಡಿಸುತ್ತಿದ್ದಾಗ ನಾನು ಹೊರಗೆ ಹೋಗಿ ನೀರು ಎಷ್ಟು ದೂರವಿದೆ ಎಂದು ನೋಡಿದೆ. ಏಪ್ರಿಲ್ ತಿಂಗಳು, ನೀರು ತಳ ಕಂಡಿದೆ, ಆದರೂ ರಾತ್ರಿ ಏರಿ ಶಾಲೆಗೆ ನುಗ್ಗಿದರೆ ಮತಯಂತ್ರದ ಗತಿ ಏನು ಎಂಬುದು ನನ್ನ ಯೋಚನೆ. ನೀರು ಇದ್ದಲ್ಲೇ ಇತ್ತು. ಅದರ ನಡುವೆ, ಒಂದು ದೊಡ್ಡ ಕಣದಷ್ಟು ಅಗಲದ ಬೋಳು ಕಲ್ಲಿನ ದಿಬ್ಬದ ಮೇಲೆ ಏನೋ ಬೆಳ್ಳಗೆ ಅದುರುತ್ತಿತ್ತು. ಒಣಹಾಕಿದ ಬಟ್ಟೆ ಗಾಳಿಗೆ ಹಾರುತ್ತಿದೆ ಅಂದುಕೊಂಡೆ. ಅಷ್ಟರಲ್ಲಿ ಆ ಬಟ್ಟೆಯೆಲ್ಲ ಒಟ್ಟಿಗೆ ಎದ್ದು, ಕೂಗುತ್ತ ಒಂದು ಸುತ್ತು ತಿರುಗಿ, ಮತ್ತೆ ಅಲ್ಲೇ ಕೂತುಕೊಂಡಿತು.

ಮಾರನೆಯ ದಿನ ನನ್ನದು ಬೆರಳಿಗೆ ಶಾಯಿ ಹಚ್ಚುವ ಕೆಲಸ. ಹತ್ತು ಗಂಟೆ ಹೊತ್ತಿಗೆ ಅರವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಅಂಗೈಯಲ್ಲಿ ಬಲೆಯ ದಾರ ಕೊಯ್ದ ಗೀರುಗಳಿದ್ದವು. ಮೀನು ಹಿಡಿಯುವವಳೇ ಇರಬೇಕು ಎಂದು ಬೆರಳು ಹಿಡಿದುಕೊಂಡೇ ಕೇಳಿದೆ: "ಅಮ್ಮಾ, ಆ ಕಲ್ಲಿನ ಮೇಲೆ ಇರೋದು ಏನು ಹಕ್ಕಿ?"

"ಅವಾ? ಮೀನಕ್ಕಿ ಕಣ್ಸಾ. ಮೊಟ್ಟೆ ಮಡಗವೆ."

"ಅಷ್ಟೂ?"

"ಅಷ್ಟೂವೆ. ಬೆಳ್ ಬುಡಿ ಸಾ, ಇಂದೆ ಜನ ನಿಂತವ್ರೆ."

ಆ ಬೇಸಿಗೆಯ ಉಳಿದ ಭಾನುವಾರಗಳನ್ನೆಲ್ಲ ನಾನು ಅಲ್ಲಿಯೇ ಕಳೆದೆ. ಆಕೆಯ ದುಂಡನೆಯ ತೆಪ್ಪದಲ್ಲಿ, ಕೇಸರಿ ಬಣ್ಣದ ಲೈಫ್ ಜಾಕೆಟ್ ತೊಟ್ಟು. ಜಾಕೆಟ್ಟನ್ನು ಮನೆಯಿಂದಲೇ ತೊಟ್ಟುಕೊಂಡು ಸ್ಕೂಟರಿನಲ್ಲಿ ಬರುತ್ತಿದ್ದೆ, ದಾರಿಯಲ್ಲಿ ಮರೆತು ಎಲ್ಲಾದರೂ ಬಿಟ್ಟರೆ ಎಂದು. ಅರಕಲಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ನೋಡಿ ನಕ್ಕವರು ಈಗಲೂ ನಗುತ್ತಿರಬಹುದು. ಆಕೆಯೂ ಮೊದಲ ದಿನ ನಕ್ಕಳು. "ತೆಪ್ಪ ಏನ್ ಕಚ್ಚಲ್ಲ ಕುಂತ್ಕಳಿ ಸಾ. ಎಂಗೆ ಕುಂತ್ರಿ ಅಂಗೇ ಇರ್ಬೇಕು, ಏಳಂಗಿಲ್ಲ ಅಷ್ಟೇಯ."

ಪುಸ್ತಕದಲ್ಲಿ ಈ ಹಕ್ಕಿಗೆ ಹೊಳೆ ರೀವ ಎಂಬ ಹೆಸರಿದೆ. ಕಡಲ ನಡುವಿನ ಕಲ್ಲುದ್ವೀಪಗಳಲ್ಲಿ ಸಾವಿರಗಟ್ಟಲೆ ಒಟ್ಟಿಗೆ ಕೂತು ಮೊಟ್ಟೆಯಿಡುವ ಹಕ್ಕಿಗಳ ಕುಲವೇ. ಯಾವ ಕಾಲದಲ್ಲೋ ಹೊಳೆ ಹಿಡಿದು ಒಳನಾಡಿಗೆ ಬಂದ ಕವಲು. ನಮ್ಮ ಜಿಲ್ಲೆಗೆ ಸಮುದ್ರವಿಲ್ಲ. ಇವುಗಳಿಗೆ ಅದನ್ನು ಯಾರೂ ಹೇಳಿದ ಹಾಗೆ ಕಾಣುವುದಿಲ್ಲ. ತಲೆಗೆ ಕರಿ ಟೋಪಿ, ಅರಿಶಿನದ ಕೊಂಬಿನಂಥ ಕೊಕ್ಕು, ಕುಂಕುಮದ ನೀರಲ್ಲಿ ಅದ್ದಿದಂಥ ಪುಟ್ಟ ಕಾಲು, ಕತ್ತರಿಯಂತೆ ಸೀಳಿದ ಬಾಲ. ಗೂಡು ಅನ್ನುವುದೇ ಇಲ್ಲ. ಕಲ್ಲಿನ ಸಣ್ಣ ತಗ್ಗು, ಅದರಲ್ಲಿ ಎರಡೋ ಮೂರೋ ಮೊಟ್ಟೆ, ಬೂದಿಬಣ್ಣದ ಮೇಲೆ ರಾಗಿ ಚೆಲ್ಲಿದಂಥ ಚುಕ್ಕೆ. ದುರ್ಬೀನಿನಲ್ಲಿ ನೋಡಿದರೂ ಮೊಟ್ಟೆ ಯಾವುದು, ಕಲ್ಲು ಯಾವುದು ತಿಳಿಯುವುದಿಲ್ಲ. ಮರಿಗಳೂ ಅಷ್ಟೇ. ಆಪತ್ತು ಬಂದರೆ ಓಡುವುದಿಲ್ಲ, ಕಲ್ಲಿಗೆ ಅಂಟಿ ಕಲ್ಲೇ ಆಗಿಬಿಡುತ್ತವೆ. ಪಾಪ, ತುಳಿಯುವವರಿಗೆ ಅದು ಗೊತ್ತಿರಬೇಕಲ್ಲ.

ಗೂಡಿಲ್ಲದ, ನೆರಳಿಲ್ಲದ ಆ ಕಲ್ಲಿನ ಮೇಲೆ ಬೇಸಿಗೆಯಲ್ಲಿ ಮೊಟ್ಟೆಯಿಡುವುದು ನನ್ನ ಬುದ್ಧಿಗೆ ಮೊದಲು ಶುದ್ಧ ಹುಚ್ಚುತನ ಅನ್ನಿಸಿತ್ತು. ಮುಂಗಾರಿನ ಮುಂಚಿನ ಮಳೆ ಜೋರಾಗಿ ಬಂದು ನೀರು ಏರಿದರೆ ಕಲ್ಲು ಮುಳುಗುತ್ತದೆ. ನೀರು ಇನ್ನೂ ಇಳಿದರೆ ದಡದಿಂದ ಕಲ್ಲಿಗೆ ನೆಲ ಬಿಟ್ಟುಕೊಂಡು ನಾಯಿಗಳು ನಡೆದೇ ಹೋಗುತ್ತವೆ. ಏರಿದರೂ ಚಿಂತೆ, ಇಳಿದರೂ ಚಿಂತೆ, ನನಗಾಗಿಯೇ ಹೇಳಿ ಮಾಡಿಸಿದ ಹಕ್ಕಿ. ಆದರೆ ಅವು ಚಿಂತಿಸುತ್ತಿರಲಿಲ್ಲ. ಬಿಸಿಲು ಏರಿದಂತೆ ಒಂದೊಂದೇ ಹಕ್ಕಿ ಹಾರಿ ಹೋಗಿ, ನೀರಿಗೆ ಹೊಟ್ಟೆ ಸೋಕಿಸಿಕೊಂಡು, ಒದ್ದೆ ಹೊಟ್ಟೆಯೊಂದಿಗೆ ಬಂದು ಮೊಟ್ಟೆಗಳ ಮೇಲೆ ಕೂರುತ್ತಿತ್ತು. ಜ್ವರದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹದ್ದು ಬಂದರೆ ಅಷ್ಟೂ ಎದ್ದು ಅದರ ಮೇಲೆ ಬೀಳುತ್ತಿದ್ದವು. ಕಾಗೆಗಿಂತ ಸಪೂರದ ಹಕ್ಕಿ ಹದ್ದಿನ ಬೆನ್ನಿಗೆ ಕುಕ್ಕುವುದನ್ನು ನೋಡಿ ಬಂದ ಭಾನುವಾರ ರಾತ್ರಿ ನಾನು ಬಿಪಿ ಮಾತ್ರೆಯನ್ನು ಸ್ವಲ್ಪ ತಲೆ ಎತ್ತಿಯೇ ನುಂಗಿದೆ.

ಆಕೆಯ ನಿಯಮ ಮೂರು: ಕಲ್ಲಿನಿಂದ ಮೂವತ್ತು ಮಾರು ದೂರ, ಬಿಸಿಲು ಬಲಿಯುವ ಮುಂಚೆ ವಾಪಸು, ಮಾತು ಪಿಸುಮಾತಿನಲ್ಲಿ. "ಅಕ್ಕಿ ಎದ್ರೆ ಮೊಟ್ಟೆ ಬೇಯ್ತದೆ ಸಾ. ಕಲ್ಲು ಕಾದ್ ಅಂಚಾಗಿರ್ತದೆ." ಮೀನು ತಿನ್ನುವ ಹಕ್ಕಿಯ ಮೇಲೆ ಮೀನು ಹಿಡಿಯುವವಳಿಗೆ ಯಾಕಿಷ್ಟು ಅಕ್ಕರೆ ಎಂದು ಕೇಳಿದ್ದೆ. "ಅವು ಎಲ್ ಮುಳುಗ್ತವೋ ಅಲ್ಲಿ ಮೀನದೆ ಅಂತ. ನಂಗೆ ದಾರಿ ತೋರೋ ಅಕ್ಕಿ. ಅಕ್ಕರೆ ಏನ್ ಬಂತು?" ಅಂದಳು. ಅಂದವಳೇ, ನಾನು ಛತ್ರಿ ಬಿಚ್ಚಿದ್ದಕ್ಕೆ ಕೈಗೆ ಹುಟ್ಟುಗೋಲಿನಿಂದ ತಟ್ಟಿದಳು. ಛತ್ರಿ ಕಂಡರೆ ಹಕ್ಕಿ ಬೆದರುತ್ತವಂತೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸುತ್ತಿ ಬಳಸಿ ಬಂದದ್ದು ಬೇಕೆಂದೇ.

ಮರುವರ್ಷ ಮಾರ್ಚಿಯಲ್ಲಿ ಹಕ್ಕಿಗಳು ಮತ್ತೆ ಕಲ್ಲಿಗೆ ಬಂದವು. ಕೊಕ್ಕಿನಲ್ಲಿ ಮೀನು ಅಡ್ಡಹಿಡಿದು ಇಳಿಯುತ್ತಿದ್ದ ಒಂದು ರೀವದ ಫೋಟೋ ನನ್ನ ಫೋನಿಗೆ ಅಪರೂಪಕ್ಕೆ ಚೆನ್ನಾಗಿ ಬಂತು. ಅದನ್ನು ಕಚೇರಿಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಯಾಕೆ ಹಾಕಿದೆ? ಹೊಗಳಲಿ ಎಂದು. ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ. ಹನ್ನೊಂದು ವರ್ಷದಲ್ಲಿ ನನ್ನ ಕಡತ ಬಿಟ್ಟು ನನ್ನ ಮುಖ ನೋಡದಿದ್ದ ಸಾಹೇಬರು ಹೃದಯದ ಚಿತ್ರ ಒತ್ತಿ, "ಎಲ್ರೀ ಇದು? ಲೊಕೇಶನ್ ಹಾಕಿ" ಎಂದು ಬರೆದರು. ಹಾಕಿದೆ. ಹಾಕಿ, ಹೋಯಿತೋ ಇಲ್ಲವೋ ಎಂಬ ಚಿಂತೆಗೆ ಇನ್ನೊಂದು ಸಲ ಹಾಕಿದೆ.

ಯುಗಾದಿಗೆ ನಾಲ್ಕು ದಿನ ಇರುವಾಗ ಟೀ ಹೊತ್ತಿನಲ್ಲಿ ಸಾಹೇಬರು ಎಲ್ಲರ ಮುಂದೆ ಹೇಳಿದರು: "ಈ ಸಲದ ತೊಡಕು ನಮ್ ಸ್ವಾಮಿಗಳ ಕಲ್ಲಿನ ಮೇಲೆ ಕಣ್ರಪ್ಪಾ. ಮೋಟಾರ್ ಬೋಟ್ ಗೊತ್ತು ಮಾಡಿದ್ದೀನಿ. ಏನ್ ಸ್ವಾಮಿಗಳೇ?"

ಸ್ವಾಮಿಗಳು ಎಂದರೆ ನಾನು. ನಾನು ಹೇಳಿದ್ದು: "ಆಗಲಿ ಸಾರ್."

ನಮ್ಮ ಕಡೆಯವರಲ್ಲದವರಿಗೆ ವರ್ಷತೊಡಕು ಎಂದರೇನು ಎಂದು ಹೇಳಬೇಕು. ಯುಗಾದಿಯ ದಿನ ಒಬ್ಬಟ್ಟು. ಮಾರನೆಯ ದಿನ ಬಾಡೂಟ. ಬೆಳಗಿನಿಂದಲೇ ಮಟನ್ ಅಂಗಡಿಗಳ ಮುಂದೆ ಸಾಲು, ಮಧ್ಯಾಹ್ನಕ್ಕೆ ಇಸ್ಪೀಟು. ಅದಕ್ಕಿಂತ ಮುಖ್ಯವಾಗಿ, ಆ ದಿನ ಏನು ಮಾಡುತ್ತೇವೋ ವರ್ಷವಿಡೀ ಅದೇ ನಡೆಯುತ್ತದೆ ಎಂಬ ನಂಬಿಕೆ. ಹಾಗಾಗಿ ಅಂದು ಯಾರೂ ಮಕ್ಕಳಿಗೆ ಹೊಡೆಯುವುದಿಲ್ಲ, ಅತ್ತೆ ಸೊಸೆಯನ್ನು ಬಯ್ಯುವುದಿಲ್ಲ. ನಮ್ಮ ಮನೆಯಲ್ಲಿ ಬಾಡು ಇಲ್ಲದಿದ್ದರೂ ನಂಬಿಕೆ ಇತ್ತು. ಅಂದು ಬೆಳಗ್ಗೆ ಅಮ್ಮ ನನ್ನನ್ನು ಪುಸ್ತಕದ ಮುಂದೆ ಕೂರಿಸುತ್ತಿದ್ದಳು. ನಾನು ಪುಸ್ತಕ ಬಿಚ್ಚಿಕೊಂಡು, ಇವತ್ತು ಚಿಂತೆ ಮಾಡಬಾರದು, ಮಾಡಿದರೆ ವರ್ಷವೆಲ್ಲ ಮಾಡಬೇಕಾಗುತ್ತದೆ ಎಂದು ಸಂಜೆಯವರೆಗೂ ಚಿಂತಿಸುತ್ತಿದ್ದೆ. ಫಲ ನೀವು ನೋಡುತ್ತಿದ್ದೀರಿ.

ಕಚೇರಿಯ ತೊಡಕು ಪ್ರತಿವರ್ಷ ನಡೆಯುತ್ತಿದ್ದದ್ದು ಚನ್ನರಾಯಪಟ್ಟಣದ ಕಡೆ ಸಾಹೇಬರ ತೆಂಗಿನ ತೋಟದಲ್ಲಿ. ನಾನು ಒಂದು ಕ್ಯಾನು ಮಜ್ಜಿಗೆ, ಒಂದು ಡಬ್ಬಿ ಕೋಸಂಬರಿ ತೆಗೆದುಕೊಂಡು ಹೋಗಿ, ಗಾಳಿ ಬರುವ ದಿಕ್ಕಿಗೆ, ಬಾಡಿನ ವಾಸನೆ ತಾಗದಂತೆ ಕೂರುತ್ತಿದ್ದೆ. ಆ ವರ್ಷ ತೋಟದಲ್ಲಿ ಮನೆ ಕಟ್ಟಿಸುತ್ತಿದ್ದರು, ಎಲ್ಲೆಲ್ಲೂ ಜಲ್ಲಿ ರಾಶಿ. ಹೊಸ ಜಾಗ ಬೇಕಾಗಿತ್ತು. ಜಾಗವನ್ನು ನಾನು ಎರಡೆರಡು ಸಲ ಕಳಿಸಿದ್ದೆ.

ಹಬ್ಬದ ದಿನ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳದೆ ಕೂತಿದ್ದೆ. ಹೆಂಡತಿ ತುಪ್ಪದ ಮಿಳ್ಳೆ ಹಿಡಿದು ನಿಂತಳು.

"ಯಾಕೆ, ಮೈ ಹುಷಾರಿಲ್ವೇ?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಕಲ್ಲಿನ ಮೇಲೆ ನಲವತ್ತಕ್ಕೂ ಹೆಚ್ಚು ಜೋಡಿ ಕೂತಿವೆ, ನಾಳೆ ಹತ್ತು ಗಂಟೆಗೆ ಅಲ್ಲಿ ಒಲೆ ಹೂಡುತ್ತಾರೆ, ಹನ್ನೊಂದಕ್ಕೆ ಒಂದು ಮೊಟ್ಟೆಯೂ ಇರುವುದಿಲ್ಲ. ಅರಣ್ಯ ಇಲಾಖೆಗೆ ಫೋನು ಮಾಡಿದ್ದೆ, ಹಬ್ಬದ ದಿನ, ಗಂಟೆ ಬಾರಿಸಿ ಬಾರಿಸಿ ನಿಂತಿತ್ತು.

"ಬೇಡ ಅಂತ ನೀವು ಹೇಳಿದ್ರಾ?"

"ಆಗಲಿ ಸಾರ್ ಅಂದೆ."

"ಅಲ್ಲಾಂದ್ರೆ, ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು. ನನ್ನ ಒಂದು ಮಾತಿಗೆ ನೀವು ಒಂದೇ ಸಲಕ್ಕೆ ಆಗಲಿ ಅಂದದ್ದಿಲ್ಲ. ಅವರ ಹತ್ರ ಎಷ್ಟು ಸಲೀಸು ನೋಡಿ!"

"ಅವರು ಮೇಲಧಿಕಾರಿ ಕಣೇ."

"ನಾನು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಬ್ಬಟ್ಟಿನ ಮೇಲೆ ತುಪ್ಪ ಸುರಿದಳು. "ಹೇಗಿದ್ರೂ ನಿಮಗೆ ನಿದ್ದೆ ಬರೋಲ್ಲ. ಬೆಳಗ್ಗೆ ಮುಂಚೆ ಹೋಗಿ ಅಡ್ಡ ನಿಂತ್ಕೊಳ್ಳಿ."

"ನೀರಲ್ಲಿ ಹೇಗೇ ಅಡ್ಡ ನಿಲ್ಲೋದು?"

"ಹಾಗಾದ್ರೆ ಕೂತ್ಕೊಳ್ಳಿ."

ಬೆಳಗ್ಗೆ ಹೊರಟಾಗ ಅಭ್ಯಾಸಬಲದಿಂದ ಮಜ್ಜಿಗೆ ಕ್ಯಾನು ಕೈಗೆ ಕೊಟ್ಟಳು. ತೆಗೆದುಕೊಂಡೆ. ಬೀದಿಯ ತಿರುವಿನಿಂದ ಅಂದು ವಾಪಸು ಬರಲಿಲ್ಲ. ಒಲೆ ಉರಿದರೆ ಉರಿಯಲಿ ಎಂದು ಜೀವನದಲ್ಲಿ ಮೊದಲ ಸಲ ಅಂದುಕೊಂಡೆ. ಅರಕಲಗೂಡು ದಾಟುವ ಹೊತ್ತಿಗೆ ಫೋನು ಮಾಡಿ ಕೇಳಿದೆ, ಅದು ಬೇರೆ ಮಾತು.

ದಡದಲ್ಲಿ ತೆಪ್ಪದಾಕೆ ಕಾಯುತ್ತಿದ್ದಳು. ರಾತ್ರಿಯೇ ಫೋನಿನಲ್ಲಿ ಎಲ್ಲ ಹೇಳಿದ್ದೆ. "ಅಳಿಯಂದ್ರು ಬಂದವ್ರೆ ಸಾ, ಬಾಡು ಒಲೆ ಮ್ಯಾಲಿಟ್ ಬಂದಿವ್ನಿ. ನಿಮ್ ಜಗಳವ ಬಿರ್ನೆ ಮುಗಿಸ್ಕಳಿ."

"ಜಗಳ ಅಲ್ಲಮ್ಮ, ತಿಳಿಸಿ ಹೇಳೋದು."

"ಅದ್ಕೇ ಕಣ್ಸಾ ಅಂದುದ್ದು, ಬಿರ್ನೆ ಅಂತ."

ತೆಪ್ಪವನ್ನು ಕಲ್ಲಿಗೂ ದಡಕ್ಕೂ ನಡುವೆ, ಕಲ್ಲಿನಿಂದ ಎಂದಿನ ದೂರಕ್ಕೆ ನಿಲ್ಲಿಸಿದಳು. ಕೂತ ಹಕ್ಕಿಗಳನ್ನು ದುರ್ಬೀನಿನಲ್ಲಿ ಎಣಿಸಿದೆ: ನಲವತ್ತಮೂರು. ಮತ್ತೆ ಎಣಿಸಿದಾಗ ನಲವತ್ತೊಂದು, ಮೂರನೆಯ ಸಲ ನಲವತ್ತನಾಲ್ಕು. ನಲವತ್ತಮೂರು ಎಂದೇ ಇಟ್ಟುಕೊಂಡೆ. ಒಂದೆರಡು ಮರಿಗಳು ಆಗಲೇ ಮೊಟ್ಟೆಯೊಡೆದು ಬಂದಿದ್ದವು. ಕಲ್ಲಿನ ಚೂರೊಂದು ಎದ್ದು ಎರಡು ಹೆಜ್ಜೆ ನಡೆದು ಮತ್ತೆ ಕಲ್ಲಾದಾಗ ಗೊತ್ತಾಯಿತು.

ಒಂಬತ್ತೂವರೆಗೆ ಮೋಟಾರಿನ ಸದ್ದು ಕೇಳಿತು. ದೋಣಿಯಲ್ಲಿ ಏಳು ಜನ, ಮುಂದೆ ಸಾಹೇಬರು ಹಬ್ಬದ ಬಿಳಿ ಅಂಗಿಯಲ್ಲಿ. ಅವರ ಹಿಂದೆ ದುದ್ದದ ಕಡೆಯ ನಮ್ಮ ಹೆಡ್ ಗುಮಾಸ್ತರು, ಕಾಲುಗಳ ನಡುವೆ ಮಾಂಸದ ಪಾತ್ರೆ ಹಿಡಿದು. ಕುರಿಮರಿ ಕೊಯ್ಯಿಸಿ ತರುವುದು ಪ್ರತಿವರ್ಷ ಅವರದೇ ಜವಾಬ್ದಾರಿ. ಗ್ಯಾಸ್ ಒಲೆ, ಜಮಖಾನ, ಇಸ್ಪೀಟಿನ ಕಟ್ಟು. ನಾನು ಕೂತಲ್ಲಿಂದಲೇ ಎರಡು ಕೈ ಮೇಲೆತ್ತಿದೆ. ನೀರಿನಲ್ಲಿ ಬಲೆ ಬಿಟ್ಟಿದ್ದಾರೆ ಅಂದುಕೊಂಡು ದೋಣಿಯವನು ಮೋಟಾರು ನಿಲ್ಲಿಸಿದ.

"ಏನ್ ಸ್ವಾಮಿಗಳೇ, ನಮಗಿಂತ ಮುಂಚೇನೇ ಬಂದ್ಬಿಟ್ಟಿದ್ದೀರಿ!" ಎಂದು ಸಾಹೇಬರು ಕೂಗಿದರು.

"ಸಾರ್, ಮೆತ್ತಗೆ."

"ಏನು?"

"ಮೆತ್ತಗೆ ಮಾತಾಡಿ ಸಾರ್. ಹಕ್ಕಿ ಏಳ್ತವೆ."

ಹನ್ನೊಂದು ವರ್ಷದಲ್ಲಿ ಅವರಿಗೆ ನಾನು ಕೊಟ್ಟ ಮೊದಲ ಆದೇಶ ಅದು. ಆಸ್ಪತ್ರೆಯ ವಾರ್ಡಿನಲ್ಲಿ ಎಂಥವರೂ ದನಿ ತಗ್ಗಿಸುತ್ತಾರಲ್ಲ, ಹಾಗೆ ಅವರ ದನಿ ತಾನಾಗಿ ತಗ್ಗಿತು. ಅಲ್ಲಿಂದ ಮುಂದಿನ ಜಗಳವೆಲ್ಲ ಪಿಸುಮಾತಿನಲ್ಲೇ ನಡೆಯಿತು. ನೀರಿನ ಮೇಲೆ ಪಿಸುಮಾತು ಚೆನ್ನಾಗಿ ಕೇಳುತ್ತದೆ.

"ಇಲ್ಲಿ ಇಳಿಯೋ ಹಾಗಿಲ್ಲ ಸಾರ್."

"ಯಾಕ್ರೀ? ಲೊಕೇಶನ್ ಹಾಕಿದ್ದು ನೀವೇ ತಾನೆ? ಎರಡೆರಡು ಸಲ."

"ಹಾಕಿದ್ದು ತಪ್ಪಾಯ್ತು."

"ಆಗಲಿ ಅಂದ್ರಿ."

"ಅದೂ ತಪ್ಪಾಯ್ತು."

ಹೆಡ್ ಗುಮಾಸ್ತರು ಪಾತ್ರೆಯ ಮೇಲಿಂದ ಬಗ್ಗಿದರು. "ಕಲ್ಲೇನ್ ನಿಮ್ ತಾತುಂದಾ ಸ್ವಾಮಿ?"

"ನಮ್ಮ ತಾತನದೂ ಅಲ್ಲ, ನಿಮ್ಮ ತಾತನದೂ ಅಲ್ಲ. ಸದ್ಯಕ್ಕೆ ಅದು ಹೆರಿಗೆ ಮನೆ."

ಸಾಹೇಬರು ಸಮಾಧಾನದಿಂದಲೇ ಇದ್ದರು. "ನೋಡ್ರೀ, ಹಕ್ಕಿ ಹಾರಿಹೋಗುತ್ತೆ, ನಾವು ಉಂಡು ಹೊರಟ ಮೇಲೆ ಮತ್ತೆ ಬರುತ್ತೆ. ಅದಕ್ಕೆ ಯಾಕಿಷ್ಟು?"

"ಕಲ್ಲು ಸುಡ್ತಾ ಇದೆ ಸಾರ್. ನಿಮ್ಮ ಕುಕ್ಕರ್ ಒಂದು ಸಲ ಕೂಗೋದ್ರೊಳಗೆ ಮೊಟ್ಟೆ ಬೆಂದುಹೋಗಿರ್ತವೆ."

"ಒಳ್ಳೇದಾಯ್ತಲ್ಲ, ಬೇಯ್ಸಿದ್ ಮೊಟ್ಟೆ ಪುಕ್ಸಟ್ಟೆ!" ಎಂದು ಹಿಂದಿನಿಂದ ಯಾರೋ ಅಂದರು. ಏಳೂ ಜನ ನಕ್ಕರು, ದೋಣಿಯವನೂ ನಕ್ಕ. ನಗುವಿಗೆ ಪಿಸುದನಿ ಎಂಬುದಿಲ್ಲ.

ಹಕ್ಕಿಗಳು ಎದ್ದವು. ಅಷ್ಟೂ ಒಟ್ಟಿಗೆ. ನಾನು ಗಡಿಯಾರ ನೋಡಿದೆ. ಎರಡು ಹಕ್ಕಿ ನೇರವಾಗಿ ದೋಣಿಯ ಮೇಲೆ ಇಳಿದವು. ಒಂದು ಸಾಹೇಬರ ತಲೆಗೆ ಕುಕ್ಕಿತು, ಇನ್ನೊಂದು ಬಿಳಿ ಅಂಗಿಯ ಎಡಭುಜದ ಮೇಲೆ ಅರ್ಜಿ ಸಲ್ಲಿಸಿ ಹೋಯಿತು. ಈ ಸಲ ಯಾರೂ ನಗಲಿಲ್ಲ. ಸಾಹೇಬರ ಮುಖ ಕೆಂಪೇರಿತು. "ನಡಿಯಪ್ಪ, ಕಲ್ಲಿಗೆ ಹಚ್ಚು. ಯಾರು ತಡೀತಾರೋ ನೋಡೋಣ."

ದೋಣಿಯವನು ಮೋಟಾರಿನ ಹಗ್ಗಕ್ಕೆ ಕೈಹಾಕಿದ. ನಾನು ಎದ್ದು ನಿಂತೆ.

ತೆಪ್ಪದಲ್ಲಿ ಎದ್ದು ನಿಲ್ಲಬಾರದು. ಇಷ್ಟು ಭಾನುವಾರಗಳಲ್ಲಿ ನಾನು ಪಾಲಿಸಿದ ಒಂದೇ ಶಾಸ್ತ್ರ ಅದು. ತೆಪ್ಪ ಬುಗುರಿಯಂತೆ ತಿರುಗತೊಡಗಿತು. ಕಲ್ಲು, ದೋಣಿ, ದಡ, ಕಲ್ಲು, ದೋಣಿ, ಹೀಗೆ ಎಲ್ಲವೂ ನನ್ನ ಮುಂದೆ ಹಾದುಹೋಗುತ್ತಿದ್ದವು. "ಕುಂತ್ಕಳಿ ಸಾ! ಇಬ್ರುನ್ನೂ ಮುಳುಗಿಸ್ಬುಡ್ತೀರಿ!" ಎಂದು ಆಕೆ ನನ್ನ ಪಂಚೆಯ ತುದಿ ಹಿಡಿದುಕೊಂಡಳು. ನಾನು ನಿಂತೇ ಇದ್ದೆ. ದೋಣಿ ಕಣ್ಣಮುಂದೆ ಬಂದಾಗೆಲ್ಲ ಒಂದೊಂದು ಮಾತು ಹೇಳಿದೆ.

"ಸಾರ್, ಇವತ್ತು ತೊಡಕು." ದಡ ಬಂತು, ಕಲ್ಲು ಬಂತು. "ಇವತ್ತು ಏನು ಮಾಡ್ತೀವೋ ವರ್ಷವೆಲ್ಲ ಅದೇ." ದಡ, ಕಲ್ಲು. "ಮೊಟ್ಟೆ ಮೇಲೆ ಕೂತ ತಾಯಿನ ಎಬ್ಬಿಸಿ ವರ್ಷ ಶುರು ಮಾಡ್ತೀರಾ?"

ಹೆಡ್ ಗುಮಾಸ್ತರ ಮಗಳು ಚೊಚ್ಚಲ ಹೆರಿಗೆಗೆ ದುದ್ದಕ್ಕೆ ಬಂದಿದ್ದಳು. ತಿಂಗಳು ತುಂಬಿತ್ತು. ಕಚೇರಿಗೆಲ್ಲ ಗೊತ್ತಿದ್ದ ವಿಷಯ, ನನಗೂ ಗೊತ್ತಿತ್ತು. ಆ ಮಾತನ್ನು ಗೊತ್ತಿದ್ದೇ ಹೇಳಿದೆ. ಇದನ್ನು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಒಂಬತ್ತು ತಿಂಗಳ ಬಸುರಿಯ ಅಪ್ಪನ ಮುಂದೆ ಆಡುವ ಮಾತಲ್ಲ ಅದು. ಆದರೆ ನನ್ನ ಬಳಿ ಬೇರೆ ಅಸ್ತ್ರ ಇರಲಿಲ್ಲ, ಕಲ್ಲಿನ ಮೇಲೆ ಬಿಸಿಲು ಬೀಳುತ್ತಿತ್ತು. ಇವತ್ತು ಯಾರಾದರೂ ಮತ್ತೆ ಅಲ್ಲಿ ನಿಲ್ಲಿಸಿದರೆ ಮತ್ತೆ ಅದನ್ನೇ ಹೇಳುತ್ತೇನೆ.

ಮುಂದಿನ ಸುತ್ತಿಗೆ ದೋಣಿ ಕಣ್ಣಿಗೆ ಬಿದ್ದಾಗ ಅವರು ಪಾತ್ರೆ ಬಿಟ್ಟು ದೋಣಿಯವನ ಕೈ ಹಿಡಿದಿದ್ದರು.

"ಬ್ಯಾಡ ಸಾ. ತಿರುಗಿಸ್ಲಿ."

"ನೀವೂ ಹಿಂಗೇ ಆಡ್ತೀರಲ್ರೀ! ಅದೆಲ್ಲ ನಂಬ್ತೀರಾ?"

"ನಂಬ್ತೀನೋ ಬುಡ್ತೀನೋ, ಮನೇಲಿ ಮಗ್ಳವ್ಳೆ ಸಾ. ಇವತ್ತೊಂದಿನ ಬ್ಯಾಡ."

ಸಾಹೇಬರು ಉಳಿದವರ ಮುಖ ನೋಡಿದರು. ಎಲ್ಲರ ಮನೆಯಲ್ಲೂ ಯಾರಾದರೂ ಇದ್ದೇ ಇರುತ್ತಾರಲ್ಲ. ಯಾರೂ ತಲೆ ಎತ್ತಲಿಲ್ಲ. ದೋಣಿಯವನು ಮೋಟಾರು ಹಚ್ಚದೆ ಬಿದಿರ ಗಳುವಿನಿಂದಲೇ ದೋಣಿ ತಿರುಗಿಸಿದ. ದೂರವಾಗುತ್ತ ಸಾಹೇಬರು ನನ್ನ ಕಡೆ ತಿರುಗಿ ಹೇಳಿದರು: "ನಾಳೆ ಆಫೀಸಿಗೆ ಬರ್ತೀರಲ್ಲ, ಬನ್ನಿ." ಬೆದರಿಕೆಯನ್ನೂ ಅವರು ಪಿಸುಮಾತಿನಲ್ಲೇ ಹಾಕಿದರು ಎಂಬುದನ್ನು ನಾನು ಕೃತಜ್ಞತೆಯಿಂದ ನೆನೆಯುತ್ತೇನೆ.

ನಾನು ಕೂತೆ. ಕೂತೆ ಅನ್ನುವುದಕ್ಕಿಂತ ಆಕೆ ಪಂಚೆ ಜಗ್ಗಿದಳು, ಬಿದ್ದೆ. ಗಡಿಯಾರದಲ್ಲಿ ಆರು ನಿಮಿಷ ಕಳೆದಿತ್ತು. ಒಂದೊಂದೇ ಹಕ್ಕಿ ಇಳಿಯಿತು, ಕೆಲವು ನೀರಿಗೆ ಹೊಟ್ಟೆ ಸೋಕಿಸಿಕೊಂಡೇ ಬಂದವು. ಎರಡು ತಗ್ಗುಗಳಿಗೆ ಯಾರೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ದಡದ ಕಡೆಯಿಂದ ಕಾಗೆಯೊಂದು ಬಂದು ಅವನ್ನು ಮುಗಿಸಿತು. ಆ ಎರಡು ನನ್ನ ತಲೆಗೆ ಸೇರಿದ್ದು. ಫೋಟೋ ಹಾಕದಿದ್ದರೆ ಜಗಳವಿಲ್ಲ, ಜಗಳವಿಲ್ಲದಿದ್ದರೆ ಆ ಆರು ನಿಮಿಷವಿಲ್ಲ.

"ಇಂಗೂ ಉಂಟಾ ಸಾ, ಬಾಯಿ ಇದ್ದೂ ಇಷ್ಟ್ ದಿನ ಎಲ್ ಮಡಗಿದ್ರಿ ಅದ?" ಎಂದು ಆಕೆ ಕೇಳಿದಳು. ಮಜ್ಜಿಗೆ ಕ್ಯಾನು ನೆನಪಾಯಿತು. ಇಬ್ಬರೂ ಕುಡಿದೆವು. ನನ್ನ ಪಾಲಿನ ಅರ್ಧ ಜಾಕೆಟ್ಟಿನ ಮೇಲೆ ಚೆಲ್ಲಿತು. ದಡದ ಹುಣಿಸೆಮರದ ಕೆಳಗೆ ಹೊಗೆ ಎದ್ದಿತು, ಬಾಡಿನ ವಾಸನೆ ನೀರಿನ ಮೇಲೆ ತೇಲಿ ಬಂತು. ಉಣ್ಣಲಿ. ಅವರ ಹಬ್ಬದ ಮೇಲೆ ನನಗೆ ಎಂದೂ ಮುನಿಸಿರಲಿಲ್ಲ.

ಮಾರನೆಯ ದಿನ ಆಫೀಸಿಗೆ ಹೋದೆ. ನನ್ನ ಮೇಜು ರೆಕಾರ್ಡ್ ರೂಮಿಗೆ ಹೋಗಿತ್ತು. ಏಳು ವಾರ ಹಳೆಯ ಕಡತಗಳ ಧೂಳಿನಲ್ಲಿ ಸೀನಿ ಸೀನಿ ಕೂತೆ. ಟೀಗೆ ಯಾರೂ ಕರೆಯಲಿಲ್ಲ. ಹೋಗಿ ಕ್ಷಮೆ ಕೇಳಿಬಿಡಿ ಎಂದು ಇಬ್ಬರು ಹಿತೈಷಿಗಳು ಹೇಳಿದರು. ಕೇಳಲಿಲ್ಲ. ನಾನು ಹೀಗೆ ಬರೆಯುವುದು ಸುಲಭ. ದಿನಾ ಬೆಳಗ್ಗೆ ಕಚೇರಿಯ ಮೆಟ್ಟಿಲ ಹತ್ತಿರ ಬಂದಾಗ ಕ್ಷಮೆಯ ಮೊದಲ ವಾಕ್ಯ ಗಂಟಲಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ. ಗ್ಯಾಸ್ಟ್ರಿಕ್ ಹೆಚ್ಚಾಗಲು ಅದೂ ಕಾರಣವಿರಬಹುದು. ಆ ನಡುವೆ ಹೆಡ್ ಗುಮಾಸ್ತರ ಮಗಳು ಹೆತ್ತಳು. ಅವರು ರೆಕಾರ್ಡ್ ರೂಮಿನ ಬಾಗಿಲಿಗೆ ಬಂದು ಒಂದು ಪೊಟ್ಟಣ ಪೇಢೆ ಕಡತದ ಮೇಲಿಟ್ಟು, "ಹೆಣ್ಮಗು" ಎಂದಷ್ಟೇ ಹೇಳಿ ಹೋದರು.

ಆಮೇಲೆ ನನ್ನನ್ನು ಊರಿನಿಂದ ಹೊರಗೆ ಹಾಕುವ ಆದೇಶ ಬಂತು. ಖಾಲಿ ಇದ್ದದ್ದು ಎರಡು ಕಡೆ, ಚನ್ನರಾಯಪಟ್ಟಣ, ಅರಕಲಗೂಡು. ಆದೇಶದ ಕರಡು ಸಿದ್ಧಪಡಿಸಿದವರು ಹೆಡ್ ಗುಮಾಸ್ತರು. ಅರಕಲಗೂಡು ಎಂದು ಬರೆದಿದ್ದರು. ಹಿನ್ನೀರಿಗೆ ಅಲ್ಲಿಂದ ಎಷ್ಟು ದೂರ ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳಿಲ್ಲ. ಕೇಳಿದರೆ ಏನು ಹೇಳಿಯಾರೋ ಎಂಬ ಚಿಂತೆ. ದಿನಾ ಬಸ್ಸಿನಲ್ಲಿ ಓಡಾಡಿ ಸೊಂಟ ಹಿಡಿದಿದೆ. ಹಿಡಿಯಲಿ.

ತೊಡಕಿನ ದಿನ ಜಗಳವಾಡಿದ್ದಕ್ಕೆ ಆ ವರ್ಷವಿಡೀ ಜಗಳವಾಡಿದೆ. ನಂಬಿಕೆಯನ್ನು ಅಸ್ತ್ರ ಮಾಡಿಕೊಂಡವನನ್ನು ನಂಬಿಕೆ ಸುಮ್ಮನೆ ಬಿಡುತ್ತದೆಯೇ? ಸಿಲಿಂಡರ್ ತರುವವನೊಡನೆ, ಬಸ್ಸಿನಲ್ಲಿ ಕಿಟಕಿ ಮುಚ್ಚುವವನೊಡನೆ, ಮದುವೆಮನೆಯಲ್ಲಿ ನನ್ನನ್ನು ಮೂರನೆಯ ಪಂಕ್ತಿಗೆ ತಳ್ಳಿದ ದಾಯಾದಿಯೊಡನೆ. ಹೆಂಡತಿಯೊಡನೆ ಆಡಿದ ಜಗಳಗಳಲ್ಲಿ ಮಾತ್ರ ಒಂದೂ ಗೆದ್ದಿಲ್ಲ. ಎಲ್ಲವನ್ನೂ ಪಿಸುಮಾತಿನಲ್ಲೇ ಆಡಿದೆ. ಗಟ್ಟಿಯಾಗಿ ಬಯ್ಯುವವರಿಗೆ ಜನ ಒಗ್ಗಿಹೋಗಿದ್ದಾರೆ; ಮೆಲ್ಲಗೆ ಇಲ್ಲ ಅನ್ನುವವನ ಮುಂದೆ ಸ್ವಲ್ಪ ತಡವರಿಸುತ್ತಾರೆ.

ಈಗ ಮತ್ತೆ ಮಾರ್ಚಿ. ನೀರು ಇಳಿದಿದೆ, ಕಲ್ಲು ಬಿಟ್ಟುಕೊಂಡಿದೆ. ಹೋದ ಭಾನುವಾರ ಎಣಿಸಿದಾಗ ಮೂವತ್ತೆಂಟು ಜೋಡಿ, ಅಥವಾ ಮೂವತ್ತಾರು. ದಡದ ಕಡೆ ನೀರು ತೀರ ತೆಳುವಾಗಿದೆ, ನಾಯಿ ದಾಟಬಹುದು ಎಂದು ನನಗೆ ಹೆದರಿಕೆ. ತೆಪ್ಪದಾಕೆ ಅಲ್ಲಿ ಹರಿದ ಬಲೆಯೊಂದನ್ನು ಗೂಟ ಹೊಡೆದು ಕಟ್ಟಿದ್ದಾಳೆ. ಅಕ್ಕರೆ ಏನ್ ಬಂತು ಅಂದವಳು. ನಾನು ಕಳಿಸಿದ ಆ ಲೊಕೇಶನ್ ಹದಿನಾರು ಜನರ ಫೋನುಗಳಲ್ಲಿ ಈಗಲೂ ಇದೆ. ಅಳಿಸಲು ಹೋದೆ, ಕಾಲ ಮೀರಿತ್ತು. ಬಾಣ ಬಿಟ್ಟವನು ನಾನೇ ಆದ್ದರಿಂದ ಅದರ ಮುಂದೆ ಕೂರಬೇಕಾದವನೂ ನಾನೇ. ಜಾಕೆಟ್ಟು ಒಗೆದು ಒಣಹಾಕಿದ್ದೇನೆ. ಮಜ್ಜಿಗೆಯ ಕಲೆ ಹೋಗಿಲ್ಲ.

ಹಳೆಯ ಕಚೇರಿಯ ಗುಂಪಿನಿಂದ ನನ್ನನ್ನು ತೆಗೆಯಲು ಯಾರಿಗೂ ನೆನಪಾಗಿಲ್ಲ. ನಿನ್ನೆ ಅದರಲ್ಲಿ ಯಾರೋ ಕೇಳಿದ್ದರು: "ಈ ಸಲ ತೊಡಕು ಎಲ್ಲಿ?" ಸಾಹೇಬರು ಏನೋ ಬರೆಯುತ್ತಿದ್ದಾರೆ ಎಂದು ಫೋನು ತೋರಿಸುತ್ತಿತ್ತು. ಬರೆಯುವುದು ನಿಲ್ಲಿಸಿದರು. ಮತ್ತೆ ಶುರುಮಾಡಿದರು.

ಅವರಿಗಿಂತ ಮುಂಚೆ ನಾನು ಬರೆದೆ: "ಕಲ್ಲಿನ ಮೇಲಲ್ಲ."

ಕಳಿಸಿ, ಹೋಯಿತೋ ಇಲ್ಲವೋ ಎಂಬ ಚಿಂತೆಗೆ ಇನ್ನೊಂದು ಸಲ ಕಳಿಸಿದೆ.